ಗ್ಯಾರೇಜ್ ರೂಮ್ ಮಾಡಿಸಬೇಕು, ಆದರೆ ಕೆಳಗೆ ಪಕ್ಕದ ಮನೆಯವರದ್ದೂ ಸೇರಿದ ಸೀವರ್ ಪೈಪ್ ಇದೆ. ಏನು ಮಾಡೋದು? (ರೆಡಿಂಗ್)

ತುಂಗಾತೀರ_ರೆಡಿಂಗ್

ಎಲ್ಲರಿಗೂ ನಮಸ್ಕಾರ. ನಮ್ಮದು ಇಂಗ್ಲೆಂಡಿನ ರೆಡಿಂಗಿನಲ್ಲಿ 1930ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ (ಪಕ್ಕದ ಮನೆಯ ಜೊತೆ ಒಂದು ಗೋಡೆ ಹಂಚಿಕೊಂಡ ಜೋಡಿ ಮನೆ). ಪಕ್ಕಕ್ಕೆ ಅಂಟಿಕೊಂಡ ಗ್ಯಾರೇಜ್ ಇದೆ. ಈಗಿನ ಕಾರು ಅದರೊಳಗೆ ಹಿಡಿಸುವುದಿಲ್ಲ, ಸುಮ್ನೆ ಹಳೇ ಸಾಮಾನು ತುಂಬಿಕೊಂಡಿದೆ. ಅದನ್ನು ಒಂದು ರೂಮ್ ಮಾಡಿಸಿ, ಜೊತೆಗೆ ಟಾಯ್ಲೆಟ್, ಶವರ್ ಹಾಕಿಸಬೇಕು ಅಂತ ಆಸೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದರೆ ಐದಾರು ತಿಂಗಳು ಇರುತ್ತಾರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ.

ತೊಂದರೆ ಏನಂದರೆ ಗ್ಯಾರೇಜಿನ ನೆಲದಲ್ಲೇ ಒಂದು ಚೇಂಬರ್ (ಸೀವರ್ ಪೈಪ್ ನೋಡಲು, ಕಟ್ಟಿಕೊಂಡರೆ ಬಿಡಿಸಲು ಇರುವ ಗುಂಡಿ) ಇದೆ. ಮುಚ್ಚಳ ಎತ್ತಿ ನೋಡಿದೆ. ಹಿತ್ತಲ ಕಡೆಯಿಂದ ಪಕ್ಕದ ಮನೆಯವರ ಪೈಪ್ ಬರುತ್ತದೆ, ಮಗ್ಗುಲಿಂದ ನಮ್ಮದು ಬಂದು ಸೇರುತ್ತದೆ, ಎರಡೂ ಒಂದಾಗಿ ರಸ್ತೆ ಕಡೆ ಹೋಗುತ್ತವೆ. ಒಬ್ಬ ಬಿಲ್ಡರ್ "ಮೇಲೆ ನೆಲ ಎಬ್ಬಿಸಿ ಟೈಲ್ಸ್ ಹಾಕಿಬಿಡೋಣ, ಯಾರಿಗೂ ಗೊತ್ತಾಗಲ್ಲ" ಎಂದ. ಇನ್ನೊಬ್ಬರು ವಾಟರ್ ಕಂಪನಿಯಿಂದ ಬಿಲ್ಡ್ ಓವರ್ ಅಗ್ರಿಮೆಂಟ್ (ಸೀವರ್ ಮೇಲೆ ಕಟ್ಟಲು ಒಪ್ಪಿಗೆ ಪತ್ರ) ಬೇಕೇ ಬೇಕು ಎಂದರು. ಕೌನ್ಸಿಲ್ ನೋಡಿದರೆ ಪ್ಲಾನಿಂಗ್ ಪರ್ಮಿಷನ್ ಬೇಡ ಅನ್ನುತ್ತಿದೆ. ಯಾರ ಮಾತು ಕೇಳಲಿ?

ಸ್ಲೌ_ಸಿದ್ದಾಪುರ

ಮೊದಲನೇ ಬಿಲ್ಡರನ್ನು ಮನೆ ಹತ್ತಿರ ಸೇರಿಸಬೇಡಿ.

ಇಟ್ಟಿಗೆ_ಗಾರೆ

ಇಲ್ಲಿ ಕಟ್ಟಡದ ಕೆಲಸದಲ್ಲೇ ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಪೈಪ್ ಯಾರದು ಅಂತ ತಿಳಿದುಕೊಳ್ಳಿ. ಇಂಗ್ಲೆಂಡ್, ವೇಲ್ಸ್ ಎರಡರಲ್ಲೂ 2011ರ ಅಕ್ಟೋಬರ್ 1ರಂದು ದೊಡ್ಡ ಬದಲಾವಣೆ ಆಯಿತು. ಎರಡು ಅಥವಾ ಹೆಚ್ಚು ಮನೆಗಳ ಕೊಳಚೆ ಸೇರಿ ಹರಿಯುವ ಪೈಪ್, ಅದು ನಿಮ್ಮ ಜಾಗದೊಳಗೇ ಇದ್ದರೂ, ಮುಂದೆ ಪಬ್ಲಿಕ್ ಸೀವರಿಗೆ ಸೇರುತ್ತಿದ್ದರೆ ವಾಟರ್ ಕಂಪನಿಯ ಸ್ವತ್ತಾಯಿತು. ನಿಮ್ಮ ಊರಿಗೆ ಅದು ಥೇಮ್ಸ್ ವಾಟರ್. ಇನ್ನೊಂದು ವಿಷಯ, 1937ರ ಅಕ್ಟೋಬರ್ 1ಕ್ಕೆ ಮೊದಲೇ ಹಾಕಿದ ಹಂಚಿಕೆಯ ಪೈಪ್ ಆಗಿದ್ದರೆ ಅದು ಹಿಂದಿನಿಂದಲೂ ಪಬ್ಲಿಕ್ಕೇ. ಅಂದರೆ ನಿಮ್ಮ ಚೇಂಬರ್ ನಿಮ್ಮದೂ ಅಲ್ಲ, ಪಕ್ಕದವರದ್ದೂ ಅಲ್ಲ. ನಿಮ್ಮ ಟಾಯ್ಲೆಟ್ಟಿನಿಂದ ಆ ಚೇಂಬರಿನವರೆಗೆ ಬರುವ ತುಂಡು ಮಾತ್ರ ನಿಮ್ಮದು.

ಈಗ ಅಗ್ರಿಮೆಂಟ್ ವಿಚಾರ. ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟಡ ಹೇಗೆ ಕಟ್ಟಬೇಕು ಅನ್ನುವ ಸರ್ಕಾರಿ ನಿಯಮಗಳು) ಇವೆಯಲ್ಲ, ಅದರ ಎಚ್4 ನಿಯಮ ಮೂರು ಕೆಲಸಗಳಿಗೆ ಅನ್ವಯಿಸುತ್ತದೆ: ಹೊಸದಾಗಿ ಕಟ್ಟುವುದು, ವಿಸ್ತರಿಸುವುದು, ಪಾಯದ ಕೆಳಗೆ ಮತ್ತೆ ಪಾಯ ಕೊಡುವುದು. ಪೈಪಿನ ನಡುಗೆರೆಯಿಂದ 3 ಮೀಟರ್ ಒಳಗೆ ಇವುಗಳಲ್ಲಿ ಯಾವುದು ಮಾಡಿದರೂ ಕಂಪನಿಯ ಒಪ್ಪಿಗೆ ಬೇಕು. ಇರುವ ಗ್ಯಾರೇಜನ್ನೇ ಒಳಗಿಂದ ರೂಮ್ ಮಾಡಿದರೆ ಈ ಮೂರರಲ್ಲಿ ಒಂದೂ ಅಲ್ಲ. ಹಾಗಾಗಿ "ಬೇಕೇ ಬೇಕು" ಅನ್ನುವುದು ಪೂರ್ತಿ ಸರಿಯಲ್ಲ.

ಆದರೆ ಸಿಕ್ಕಿಬೀಳುವುದು ಗ್ಯಾರೇಜ್ ಬಾಗಿಲ ಹತ್ತಿರ. ಆ ಬಾಗಿಲು ತೆಗೆದು ಗೋಡೆ, ಕಿಟಕಿ ಇಡಬೇಕಲ್ಲ? ಆ ಜಾಗದಲ್ಲಿ ಎಷ್ಟೋ ಮನೆಗಳಲ್ಲಿ ಪಾಯವೇ ಇರುವುದಿಲ್ಲ, ಬರೀ ಕಾಂಕ್ರೀಟ್ ನೆಲ. ಗೋಡೆಗೆ ಹೊಸ ಪಾಯ ತೋಡಲು ಹೋದರೆ ನಿಮ್ಮ ಪೈಪ್ ಅದೇ ಜಾಗದ ಕೆಳಗೆ ರಸ್ತೆಗೆ ಹೋಗುತ್ತಿದೆ. ಆಗ ಒಪ್ಪಿಗೆ ಬೇಕು. ನಕ್ಷೆಯಲ್ಲಿರುವ ಸೀವರ್ ಹತ್ತಿರ ಹೀಗೆ ತೋಡುವುದಾದರೆ ಬಿಲ್ಡಿಂಗ್ ನೋಟಿಸ್ ಅನ್ನುವ ಸುಲಭದ ದಾರಿಯೂ ಸಿಗುವುದಿಲ್ಲ, ಡ್ರಾಯಿಂಗ್‌ಗಳನ್ನೆಲ್ಲ ಮೊದಲೇ ಕೊಟ್ಟು ಒಪ್ಪಿಗೆ ಪಡೆಯುವ ಫುಲ್ ಪ್ಲಾನ್ಸ್ ಅರ್ಜಿಯನ್ನೇ ಹಾಕಬೇಕು.

ಕ್ರಾಲಿ_ಕೋಲಾರ

ಜನರನ್ನು ಸುಮ್ನೆ ಹೆದರಿಸಬೇಡಿ ಸರ್. ನಾವೂ ಮಾಡಿಸಿದ್ದೇವೆ. ಕೆಳಗೆ ಇದೇ ತರಹ ಪೈಪ್ ಇತ್ತು. ಯಾವ ಅಗ್ರಿಮೆಂಟೂ ಇಲ್ಲ, ಬಿಲ್ಡಿಂಗ್ ಕಂಟ್ರೋಲಿನವರು (ಕಟ್ಟಡದ ನಿಯಮ ಪಾಲನೆ ನೋಡುವವರು) ಬಂದು ನೋಡಿ, ಕೆಲಸ ನಿಯಮದಂತೆ ಮುಗಿದಿದೆ ಅನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಕೊಟ್ಟರು.

ಇಟ್ಟಿಗೆ_ಗಾರೆ

ಮುಂದಿನ ಗೋಡೆಗೆ ನೆಲ ಅಗೆದರಾ? ಒಳಗೆ ಚೇಂಬರ್ ಇತ್ತಾ?

ಕ್ರಾಲಿ_ಕೋಲಾರ

ಅಗೆಯಲಿಲ್ಲ. ಮರದ ಚೌಕಟ್ಟು ನಿಲ್ಲಿಸಿ ಹೊರಗೆ ಕ್ಲಾಡಿಂಗ್ ಹೊಡೆದರು. ಚೇಂಬರ್ ಹೊರಗೆ ಡ್ರೈವ್‌ವೇನಲ್ಲಿತ್ತು.

ಇಟ್ಟಿಗೆ_ಗಾರೆ

ನಾನು ಹೇಳಿದ್ದೂ ಅದೇ ಅಲ್ವಾ. ನೀವು ಅಗೆದಿಲ್ಲ, ಹಾಗಾಗಿ ಬೇಕಾಗಲಿಲ್ಲ. ಇವರ ಮನೆಯಲ್ಲಿ ಚೇಂಬರ್ ಒಳಗಿದೆ, ಅಲ್ಲೇ ಇರೋದು ವ್ಯತ್ಯಾಸ. ಪಬ್ಲಿಕ್ ಸೀವರಿನ ಚೇಂಬರ್ ವಾಸದ ಕೋಣೆಯೊಳಗೆ ಇರುವುದನ್ನು ವಾಟರ್ ಕಂಪನಿಗಳು ಒಪ್ಪುವುದಿಲ್ಲ.

ಹ್ಯಾರೋ_ಅಕ್ಕ

ಟೈಲ್ಸ್ ಹಾಕಿ ಮುಚ್ಚೋಣ ಅನ್ನುವವರಿಗೆ ನಮ್ಮ ಬೀದಿಯಲ್ಲಿ ನಡೆದಿದ್ದು ಹೇಳುತ್ತೇನೆ, ದಯವಿಟ್ಟು ಓದಿ.

ನಮ್ಮಿಂದ ಎರಡನೇ ಮನೆಯವರು ಗ್ಯಾರೇಜನ್ನು ಮಗನ ರೂಮ್ ಮಾಡಿಸಿದ್ದರು. ಚೇಂಬರ್ ಮೇಲೆ ಪ್ಲೈವುಡ್, ಅದರ ಮೇಲೆ ಲ್ಯಾಮಿನೇಟ್. ಒಂದು ಶನಿವಾರ ಸಾಲು ಮನೆಗಳ ಪೈಪ್ ಕಟ್ಟಿಕೊಂಡಿತು. ಎಲ್ಲಿ ಕಟ್ಟಿದೆ ಅಂತ ಹುಡುಕಲು ಚೇಂಬರೇ ಸಿಗಲಿಲ್ಲ. ಅಷ್ಟರಲ್ಲಿ ಆ ಮನೆಯ ಕೆಳಗಿನ ಶವರ್ ಟ್ರೇಯಿಂದ ನೀರು ಉಕ್ಕತೊಡಗಿತು. ಅದೇ ಪೈಪಿಗೆ ಸೇರಿದ ಹಿಂದಿನ ಮನೆಗಳಲ್ಲಿ ಯಾರು ಫ್ಲಷ್ ಮಾಡಿದರೂ ಅವರ ಮನೆಯಲ್ಲಿ ಏಳುತ್ತಿತ್ತು. ಬಾಗಿಲು ಬಡಿದು ಬಡಿದು "ನೀರು ಬಿಡಬೇಡಿ" ಅಂತ ಹೇಳಿಕೊಂಡು ಓಡಾಡಿದೆವು. ಕೊನೆಗೆ ಕೆಲಸದವರು ಬಂದು ನೆಲ ಕೊಯ್ದು ತೆಗೆದರು. ಪೈಪ್ ಬಿಡಿಸಿಕೊಟ್ಟರು, ನೆಲ ಮತ್ತೆ ಹಾಕಿಕೊಡುವುದು ನಮ್ಮ ಕೆಲಸ ಅಲ್ಲ ಎಂದು ಹೋದರು. ಆ ವಾಸನೆ ಪ್ಲಾಸ್ಟರ್‌ಬೋರ್ಡಿನ ಬುಡಕ್ಕೆ ಹಿಡಿದುಬಿಟ್ಟಿತ್ತು, ಕೆಳಗಿನ ಅರ್ಧ ಗೋಡೆಯನ್ನೇ ಕಿತ್ತು ಹಾಕಬೇಕಾಯಿತು.

ವಯಸ್ಸಾದ ತಂದೆ ತಾಯಿ ಮಲಗುವ ಕೋಣೆ ಅದು. ಬೇಡಪ್ಪ, ಸರಿಯಾಗಿ ಮಾಡಿಸಿ.

ತುಂಗಾತೀರ_ರೆಡಿಂಗ್

ಅಕ್ಕಾ, ಓದಿ ಮೈ ಜುಮ್ ಎಂದಿತು. ಟೈಲ್ಸ್ ಐಡಿಯಾ ಬಿಟ್ಟಾಯಿತು.

ಇನ್ನೊಂದು ಗೊಂದಲ. ಸೀವರ್ ನಕ್ಷೆ ತರಿಸಿ ನೋಡಿದೆ. ರಸ್ತೆಯ ದೊಡ್ಡ ಪೈಪ್ ಮಾತ್ರ ಇದೆ, ನಮ್ಮ ಜಾಗದೊಳಗೆ ಗೆರೆಯೇ ಇಲ್ಲ. ಹಾಗಾದರೆ ಇದು ಪಬ್ಲಿಕ್ ಅಲ್ಲವೇ?

ಮಿಲ್ಟನ್‌ಕೀನ್ಸ್_ಮಲೆನಾಡು

ನಕ್ಷೆಯಲ್ಲಿ ಇಲ್ಲ ಅಂದರೆ ಪಬ್ಲಿಕ್ ಅಲ್ಲ ಅಂತ ಅರ್ಥ ಅಲ್ಲ. 2011ರಲ್ಲಿ ಕಂಪನಿಗಳ ಕೈಗೆ ಬಂದ ಪೈಪುಗಳನ್ನು ಯಾರೂ ಮನೆ ಮನೆಗೆ ಹೋಗಿ ಅಳೆದು ಬರೆದುಕೊಳ್ಳಲಿಲ್ಲ. ಅವುಗಳಲ್ಲಿ ತುಂಬಾ ಪೈಪುಗಳು ಇವತ್ತಿಗೂ ನಕ್ಷೆಯಲ್ಲಿಲ್ಲ. ನೀವು ಕಣ್ಣಾರೆ ಎರಡು ಪೈಪ್ ಸೇರುವುದನ್ನು ನೋಡಿದ್ದೀರಿ, ಅದೇ ಸಾಕ್ಷಿ. ಆದರೂ ಹಿಂದಿನಿಂದ ಬರುವುದು ಪಕ್ಕದವರ ಟಾಯ್ಲೆಟ್ ನೀರೋ, ಬರೀ ಮಳೆನೀರೋ ಅಂತ ಖಚಿತ ಮಾಡಿಕೊಳ್ಳಿ. ಪಕ್ಕದವರಿಗೆ ಹೇಳಿ ಅವರ ಕಮೋಡಿಗೆ ಅಡುಗೆಯ ಬಣ್ಣ ಸುರಿದು ಫ್ಲಷ್ ಮಾಡಿಸಿ, ನೀವು ಚೇಂಬರ್ ತೆರೆದು ನಿಂತಿರಿ. ಕೆಂಪು ನೀರು ಬಂತು ಅಂದರೆ ಮಾತು ಮುಗಿಯಿತು.

ಆಮೇಲೆ ಒಂದು ಸಿಸಿಟಿವಿ ಸರ್ವೆ ಮಾಡಿಸಿ. ಕ್ಯಾಮೆರಾ ಒಳಗೆ ಬಿಟ್ಟು ವಿಡಿಯೋ, ರಿಪೋರ್ಟ್ ಎರಡೂ ಕೊಡುತ್ತಾರೆ. ಕೆಲಸ ಶುರುವಾಗುವ ಮೊದಲು ಒಂದು, ಮುಗಿದ ಮೇಲೆ ಇನ್ನೊಂದು. ಮೊದಲು ಚೆನ್ನಾಗಿದ್ದ ಪೈಪ್ ಆಮೇಲೆ ಬಿರುಕು ಬಿಟ್ಟರೆ ಯಾರ ತಪ್ಪು ಅನ್ನುವ ಜಗಳ ಬರುವುದಿಲ್ಲ.

1930ರ ಮನೆಗಳಲ್ಲಿ ಸಾಮಾನ್ಯವಾಗಿ ಮೆರುಗಿನ ಮಣ್ಣಿನ ಪೈಪ್, 4 ಇಂಚಿನದು. ಪೈಪ್ ಗಟ್ಟಿ, ಜಾಯಿಂಟ್ ಮಾತ್ರ ಸಿಮೆಂಟಿನದು. ನೆಲ ಸ್ವಲ್ಪ ಅಲುಗಿದರೆ ಜಾಯಿಂಟ್ ಬಿಡುತ್ತದೆ, ಮರದ ಬೇರು ಒಳಗೆ ನುಗ್ಗುತ್ತದೆ. ಯುದ್ಧದ ನಂತರದ ಮನೆಗಳಲ್ಲಿ, 1970ರ ದಶಕದವರೆಗೂ, ಪಿಚ್ ಫೈಬರ್ ಅಂತ ಇನ್ನೊಂದು ಬರುತ್ತಿತ್ತು, ಡಾಂಬರಿನಂಥದ್ದರಲ್ಲಿ ನಾರು ಅದ್ದಿ ಮಾಡಿದ ಕಪ್ಪು ಪೈಪ್. ಅದು ವರ್ಷ ಕಳೆದಂತೆ ಚಪ್ಪಟೆಯಾಗುತ್ತದೆ, ಒಳಗೆ ಗುಳ್ಳೆ ಏಳುತ್ತದೆ. ಮಧ್ಯದಲ್ಲಿ ಯಾರಾದರೂ ತುಂಡು ಬದಲಾಯಿಸಿ ಇದನ್ನು ಹಾಕಿದ್ದರೆ ರೂಮ್ ಕಟ್ಟುವ ಮೊದಲೇ ಸರಿ ಮಾಡಿಸಬೇಕು. ಮೇಲೆ ನೆಲ ಹಾಕಿದ ಮೇಲೆ ಅಲ್ಲ.

ಸ್ಲೌ_ಸಿದ್ದಾಪುರ

ಚೇಂಬರಲ್ಲಿ ರಸ್ತೆ ಕಡೆಯ ಗೋಡೆಯಲ್ಲಿ ಮೇಲೊಂದು ಚಿಕ್ಕ ಮಣ್ಣಿನ ಬಿರಡೆ ಇದೆಯಾ ನೋಡಿ. ಹಳೇ ಮನೆಗಳಲ್ಲಿ ಇಂಟರ್‌ಸೆಪ್ಟರ್ ಟ್ರ್ಯಾಪ್ (ರಸ್ತೆಯ ಸೀವರಿನ ವಾಸನೆ ಮನೆ ಕಡೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪ್) ಇರುತ್ತಿತ್ತು. ಆ ಬಿರಡೆ ಕಳಚಿ ಟ್ರ್ಯಾಪಿನೊಳಗೆ ಬಿದ್ದರೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಹಾಗೇ ಆಗಿತ್ತು, ಎಲ್ಲರೂ ವೆಟ್ ವೈಪ್ಸ್ ಅಂತ ಪಕ್ಕದವರನ್ನೇ ಬೈಯುತ್ತಿದ್ದೆವು.

ಮಲ್ಲೇಶ್ವರ_ಹಳಬ

ನಾನು ಬೆಂಗಳೂರಿನಲ್ಲೇ ಇರುವವನು, ಮಗಳು ಅಲ್ಲಿದ್ದಾಳೆ ಅಂತ ಓದುತ್ತಿದ್ದೆ. ನಮ್ಮ ಹಳೇ ಬಡಾವಣೆಗಳಲ್ಲಿ, ಮಲ್ಲೇಶ್ವರ, ಬಸವನಗುಡಿಯಲ್ಲಿ, ಎರಡು ಸಾಲು ಮನೆಗಳ ಹಿತ್ತಲ ನಡುವೆ ಕನ್ಸರ್ವೆನ್ಸಿ ಗಲ್ಲಿ ಅಂತ ಬಿಟ್ಟಿದ್ದರು. ಕೊಳಚೆಗೆ ಸಂಬಂಧಿಸಿದ ಕೆಲಸವೆಲ್ಲ ಆ ಗಲ್ಲಿಯಿಂದಲೇ ಆಗಲಿ, ಯಾರ ಮನೆಯೊಳಗೂ ಬರುವುದು ಬೇಡ ಅನ್ನುವ ಯೋಚನೆ. ಎಷ್ಟು ಒಳ್ಳೆಯ ವ್ಯವಸ್ಥೆ! ಈಗ ಎಷ್ಟೋ ಕಡೆ ಅದರ ಮೇಲೆ ಶೆಡ್, ಸಂಪು, ಮೆಟ್ಟಿಲು ಬಂದಿದೆ. ಯುಜಿಡಿ (ಒಳಚರಂಡಿ) ಕಟ್ಟಿಕೊಂಡರೆ ಜೆಟ್ಟಿಂಗ್ ಗಾಡಿಯ ಪೈಪ್ ಹಾಕಲೂ ಜಾಗ ಇಲ್ಲ.

ಕ್ರಾಲಿ_ಕೋಲಾರ

ಬೆಂಗಳೂರಲ್ಲಿ ರಾಜಕಾಲುವೆ ಮೇಲೇ ಲೇಔಟ್ ಆಗಿದೆ, ಇಲ್ಲಿ 4 ಇಂಚಿನ ಪೈಪಿಗೆ ಇಷ್ಟು ಕಾಗದ.

ಮಲ್ಲೇಶ್ವರ_ಹಳಬ

ಕಾಗದ ಕೇಳದೆ ಬಿಟ್ಟಿದ್ದಕ್ಕೇ ಮಳೆ ಬಂದಾಗ ಜನರ ಮನೆಯೊಳಗೆ ಸೊಂಟದವರೆಗೆ ನೀರು ನಿಲ್ಲುವುದು. ಇಲ್ಲೂ ದೊಡ್ಡ ರಾಜಕಾಲುವೆಗೆ 50 ಮೀಟರ್ ಬಿಡಬೇಕು ಅಂತ ಮಾಸ್ಟರ್ ಪ್ಲಾನಿನಲ್ಲಿ ಬರೆದಿತ್ತು. ಬರೆದಿದ್ದನ್ನು ಯಾರೂ ಜಾರಿ ಮಾಡಲಿಲ್ಲ. ಅಲ್ಲಿ ಕೇಳುವವರಿದ್ದಾರೆ ಅಂದರೆ ಸಂತೋಷ ಪಡಿ.

ಕಾಗದ_ಪತ್ರ

ವಿಷಯಕ್ಕೆ ಬರೋಣ. ಮನೆ ಮಾರಾಟದ ಕಾಗದಪತ್ರ ನೋಡುವುದೇ ನನ್ನ ಕೆಲಸ. ಮುಂದೆ ಈ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಡ್ರೈನೇಜ್ ಸರ್ಚ್ ತರಿಸುತ್ತಾರೆ. ಜಾಗದೊಳಗೆ ಪಬ್ಲಿಕ್ ಸೀವರ್ ಇದೆಯೇ, ಅದರ ಮೇಲೆ ಕಟ್ಟಲು ಕಂಪನಿಯನ್ನು ಕೇಳಿದ್ದರೇ ಅನ್ನುವ ಪ್ರಶ್ನೆಗಳು ಅದರಲ್ಲೇ ಇವೆ. ಆಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಕೇಳುತ್ತಾರೆ. ಎರಡೂ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಪ್ಲಾನಿಂಗ್ ಬಗ್ಗೆ: ಗ್ಯಾರೇಜ್ ಪರಿವರ್ತನೆಗೆ ಸಾಮಾನ್ಯವಾಗಿ ಅರ್ಜಿ ಬೇಡ, ನಿಜ. ಆದರೆ ಕೆಲವು ಎಸ್ಟೇಟುಗಳಲ್ಲಿ (ಒಟ್ಟಿಗೆ ಕಟ್ಟಿದ ಬಡಾವಣೆಗಳಲ್ಲಿ) "ಗ್ಯಾರೇಜನ್ನು ವಾಹನ ನಿಲ್ಲಿಸಲು ಮಾತ್ರ ಉಳಿಸಿಕೊಳ್ಳಬೇಕು" ಅಂತ ಮೂಲ ಅನುಮತಿಯಲ್ಲೇ ಷರತ್ತು ಇರುತ್ತದೆ. ಅದನ್ನು ನೋಡಿ. ಇಲ್ಲ ಅಂತಾದರೆ ಈ ಕೆಲಸಕ್ಕೆ ಪ್ಲಾನಿಂಗ್ ಪರ್ಮಿಷನ್ ಬೇಡ ಅಂತ ಕೌನ್ಸಿಲ್ ಬರೆದುಕೊಡುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ. ಪ್ಲಾನಿಂಗ್ ಬೇರೆ, ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆ. ಎರಡನೆಯದು ಎಲ್ಲಾ ಗ್ಯಾರೇಜ್ ಪರಿವರ್ತನೆಗೂ ಬೇಕು, ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಕ್ರಾಲಿ_ಕೋಲಾರ

ಒಪ್ಪಿಗೆ ಪತ್ರ ಇಲ್ಲದಿದ್ದರಿಂದ ಮುಂದೆ ನಷ್ಟವಾದರೆ ತುಂಬಿಕೊಡುವ ಇಂಡೆಮ್ನಿಟಿ ಇನ್ಶೂರೆನ್ಸ್ ತೆಗೆದುಕೊಂಡರೆ ಆಯಿತಲ್ಲ? ನಮ್ಮ ಸ್ನೇಹಿತರು ಹಾಗೇ ಮಾರಿದರು.

ಕಾಗದ_ಪತ್ರ

ಅದು ಹಿಂದೆ ಯಾರೋ ಮಾಡಿಬಿಟ್ಟ ಕೆಲಸಕ್ಕೆ. ಇನ್ನೂ ಶುರು ಮಾಡದ ಕೆಲಸವನ್ನು ಇಂಡೆಮ್ನಿಟಿ ನಂಬಿಕೊಂಡು ತಪ್ಪಾಗಿ ಮಾಡುವುದು ಸರಿಯಲ್ಲ. ಅದೂ ಅಲ್ಲದೆ, ಒಮ್ಮೆ ಕೌನ್ಸಿಲ್ಲನ್ನೋ ವಾಟರ್ ಕಂಪನಿಯನ್ನೋ ಸಂಪರ್ಕಿಸಿದರೆ ಆ ಪಾಲಿಸಿ ಸಿಗುವುದು ಕಷ್ಟ.

ಹ್ಯಾರೋ_ಅಕ್ಕ

ಪಾಲಿಸಿ ದುಡ್ಡು ಕೊಡಬಹುದು, ಶವರಿನಿಂದ ಉಕ್ಕುವ ನೀರು ನಿಲ್ಲಿಸುತ್ತಾ?

ಎಡಿನ್‌ಬರೋ_ಕರಾವಳಿ

ಸ್ಕಾಟ್ಲೆಂಡಿನಲ್ಲಿ ಇರುವವರು ಇದನ್ನು ಓದಿ ಹಾಗೇ ಮಾಡಬೇಡಿ. 2011ರ ಬದಲಾವಣೆ ಇಲ್ಲಿಗೆ ಬರಲಿಲ್ಲ. ಇಲ್ಲಿ ಕೆಲಸಕ್ಕೆ ಮೊದಲೇ ಬಿಲ್ಡಿಂಗ್ ವಾರಂಟ್ ತೆಗೆದುಕೊಳ್ಳಬೇಕು, ಸೀವರ್ ವಿಷಯ ಸ್ಕಾಟಿಷ್ ವಾಟರ್ ಜೊತೆ.

ತುಂಗಾತೀರ_ರೆಡಿಂಗ್

ಒಂದು ಅಪ್‌ಡೇಟ್. ಬಣ್ಣದ ಪರೀಕ್ಷೆ ಮಾಡಿದೆವು, ಪಕ್ಕದವರ ಟಾಯ್ಲೆಟ್ ನೀರೇ ಬಂತು. ಪಕ್ಕದಲ್ಲಿರುವುದು ಒಬ್ಬರೇ ಇಂಗ್ಲಿಷ್ ಅಜ್ಜಿ, ತುಂಬಾ ಒಳ್ಳೆಯವರು. ವಿಷಯ ಬಿಡಿಸಿ ಹೇಳಿದೆ. ತಮ್ಮ ಪೈಪಿಗೆ ತೊಂದರೆ ಆಗದಿದ್ದರೆ ಸಾಕು ಎಂದರು. ಸಿಸಿಟಿವಿ ಕೂಡ ಆಯಿತು. ಮಣ್ಣಿನ ಪೈಪ್, ಗ್ಯಾರೇಜ್ ಕೆಳಗೆ ನೇರವಾಗಿದೆ. ಚೇಂಬರ್ ಪಕ್ಕದ ಒಂದು ಜಾಯಿಂಟಿನಲ್ಲಿ ಕೂದಲೆಳೆಯಂಥ ಬೇರುಗಳು ಕಾಣುತ್ತಿವೆ.

ಈಗ ಚೇಂಬರನ್ನು ಹೊರಗೆ ಹಾಕಿಸಬಹುದಾ? ನಮ್ಮ ಹೊಸ ಟಾಯ್ಲೆಟ್ ಎಲ್ಲಿಗೆ ಸೇರಿಸುವುದು?

ಇಟ್ಟಿಗೆ_ಗಾರೆ

ಹಾಕಿಸಬಹುದು, ಆದರೆ ಅದು ಕಂಪನಿಯ ಸ್ವತ್ತು, ಅವರ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿಲ್ಲ. ಬೇರು ಬಂದಿರುವ ಜಾಯಿಂಟನ್ನೂ ಅವರಿಗೇ ತಿಳಿಸಿ. ರಿಪೇರಿ ಅವರ ಜವಾಬ್ದಾರಿ.

ಸಾಮಾನ್ಯವಾಗಿ ಒಪ್ಪುವ ವಿನ್ಯಾಸ ಹೀಗೆ. ಗ್ಯಾರೇಜಿನ ಹಿಂದೆ ಹಿತ್ತಲಲ್ಲಿ ಒಂದು ಚೇಂಬರ್, ಮುಂದೆ ಡ್ರೈವ್‌ವೇನಲ್ಲಿ ಒಂದು. ನಡುವೆ ಕಟ್ಟಡದ ಕೆಳಗೆ ನೇರ ಪೈಪ್, ತಿರುವೂ ಇಲ್ಲ, ಇನ್ನೊಂದು ಪೈಪ್ ಬಂದು ಸೇರುವುದೂ ಇಲ್ಲ. ಎರಡು ತುದಿಯಿಂದಲೂ ಕೋಲು ಹಾಕಿ ಬಿಡಿಸುವಂತಿರಬೇಕು. ಅಂದರೆ ಈಗ ಒಳಗೆ ಬಂದು ಸೇರುತ್ತಿರುವ ನಿಮ್ಮ ಪೈಪನ್ನು ಹೊರಗಿನಿಂದ ಸುತ್ತಿಸಿ ಈ ಎರಡರಲ್ಲಿ ಒಂದಕ್ಕೆ ಸೇರಿಸಬೇಕು. ಕಟ್ಟಡದ ಕೆಳಗೆ ಹೊಸ ಪೈಪ್ ಹಾಕುವುದಾದರೆ ಸುತ್ತಲೂ ಕನಿಷ್ಠ 100 ಮಿಲಿಮೀಟರ್ ಜಲ್ಲಿ ತುಂಬಿಸಿ. ಗೋಡೆಯ ಕೆಳಗೆ ದಾಟುವಲ್ಲಿ ಮೇಲೆ ಲಿಂಟೆಲ್, ಪೈಪಿನ ಸುತ್ತ 50 ಮಿಲಿಮೀಟರ್ ಸಂದು. ಗೋಡೆ ಕುಸಿದರೂ ಭಾರ ಪೈಪ್ ಮೇಲೆ ಕೂರಬಾರದು.

ಮುಂದಿನ ಗೋಡೆಗೆ ತೋಡದೇ ಇರುವ ದಾರಿಯೂ ಇದೆ. ಎರಡು ಬದಿಯ ಗೋಡೆಯ ಪಾಯ ಗಟ್ಟಿಯಾಗಿದ್ದರೆ ಅವುಗಳ ನಡುವೆ ಕಾಂಕ್ರೀಟ್ ಲಿಂಟೆಲ್ ಇಟ್ಟು ಅದರ ಮೇಲೆ ಗೋಡೆ ಏರಿಸುತ್ತಾರೆ, ಇಲ್ಲವೇ ಕ್ರಾಲಿಯವರ ಮನೆಯಲ್ಲಿ ಮಾಡಿದ ಹಾಗೆ ಹಗುರ ಮರದ ಗೋಡೆ. ಬದಿಯ ಪಾಯ ಎಷ್ಟು ಆಳ ಇದೆ ಅಂತ ನೋಡಲು ಬಿಲ್ಡಿಂಗ್ ಕಂಟ್ರೋಲ್ ಇನ್ಸ್‌ಪೆಕ್ಟರ್ ಒಂದು ಗುಂಡಿ ತೋಡಿಸುತ್ತಾರೆ. ಡ್ರಾಯಿಂಗ್ ಮಾಡಿಸುವ ಮೊದಲೇ ಅದನ್ನು ತೋಡಿಸಿ ನೋಡಿ.

ಟಾಯ್ಲೆಟ್ ಪೈಪನ್ನು ನಿಮ್ಮದೇ ಪೈಪಿಗೆ ಸೇರಿಸಿದರೆ ಸುಲಭ. ನೇರವಾಗಿ ಹಂಚಿಕೆಯ ಸೀವರಿಗೆ ಹೊಸ ಕನೆಕ್ಷನ್ ಅಂದರೆ ಕಂಪನಿಗೆ ಬೇರೆ ಅರ್ಜಿ ಹಾಕಬೇಕು, ಅದು 1991ರ ವಾಟರ್ ಇಂಡಸ್ಟ್ರಿ ಕಾಯ್ದೆಯ 106ನೇ ಸೆಕ್ಷನ್.

ಮಿಲ್ಟನ್‌ಕೀನ್ಸ್_ಮಲೆನಾಡು

ನೆಲದ ಎತ್ತರವನ್ನು ಮರೆಯಬೇಡಿ. ಗ್ಯಾರೇಜ್ ನೆಲ ಮನೆಗಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. ಡ್ಯಾಂಪ್ ಶೀಟ್, ಇನ್ಸುಲೇಷನ್, ಮೇಲಿನ ನೆಲ ಸೇರಿದರೆ ಮನೆಯ ಮಟ್ಟಕ್ಕೆ ಬರುತ್ತದೆ. ನಿಮ್ಮ ಅಮ್ಮನಿಗೂ ಎಡವುವ ಹೊಸ್ತಿಲು ಇರುವುದಿಲ್ಲ.

ಇಟ್ಟಿಗೆ_ಗಾರೆ

ಹೌದು, ಅದಕ್ಕೇ ಸೇರಿಸುತ್ತೇನೆ. ಸೀವರ್ ಮುಂದೆ ಎಲ್ಲೋ ಕಟ್ಟಿಕೊಂಡರೆ ನೀರು ಎಲ್ಲಕ್ಕಿಂತ ತಗ್ಗಿನ ಬಾಯಿಯಿಂದಲೇ ಹೊರಗೆ ಬರುತ್ತದೆ. ಹ್ಯಾರೋ ಮೇಡಂ ಹೇಳಿದ್ದು ಅದೇ. ನಿಮ್ಮ ನೆಲಮಟ್ಟದ ಶವರ್ ಆ ಬಾಯಿ ಆಗಬಾರದು. ಹೊರಗೆ ಅದಕ್ಕಿಂತ ತಗ್ಗಿನಲ್ಲಿ ಒಂದು ಗಲ್ಲಿ ಟ್ರ್ಯಾಪ್ (ನೀರು ಡ್ರೈನಿಗೆ ಇಳಿಯುವ, ಜಾಲರಿ ಮುಚ್ಚಿದ ಬಾಯಿ) ಇರಲಿ, ಅಂಗಳದಲ್ಲಿ ಉಕ್ಕಲಿ. ನಿಮ್ಮ ಸ್ವಂತ ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಹಂಚಿಕೆಯ ಪೈಪಿಗೆ ಮಾತ್ರ ಯಾವತ್ತೂ ಹಾಕಬೇಡಿ, ಅಜ್ಜಿಯ ಮನೆ ನೀರು ಅಲ್ಲೇ ನಿಂತುಬಿಡುತ್ತದೆ.

ಹ್ಯಾರೋ_ಅಕ್ಕ

ಹಾಗೇ ಒಂದು ಚಿಕ್ಕ ಒಲೆ, ಸಿಂಕ್ ಇಟ್ಟುಕೊಡಿ. ಅಮ್ಮನಿಗೆ ಬೆಳಿಗ್ಗೆ ಕಾಫಿ ಕಾಯಿಸಿಕೊಳ್ಳಲು ಆಗುತ್ತದೆ.

ಕಾಗದ_ಪತ್ರ

ಅಕ್ಕಾ, ಅಡುಗೆಮನೆ, ಬಾತ್‌ರೂಮ್, ಬೇರೆ ಬಾಗಿಲು ಎಲ್ಲಾ ಸೇರಿದರೆ ಅದನ್ನು ಪ್ರತ್ಯೇಕ ಮನೆ ಅಂತ ಲೆಕ್ಕ ಹಾಕಿ ಬೇರೆ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ ಕೊಡಬಹುದು. ಪ್ಲಾನಿಂಗ್ ಪ್ರಶ್ನೆಯೂ ಏಳುತ್ತದೆ. ಕೆಟಲ್ ಸಾಕು.

ಹ್ಯಾರೋ_ಅಕ್ಕ

ಕೆಟಲ್ಲಲ್ಲಿ ಡಿಕಾಕ್ಷನ್ ಆಗುತ್ತಾ? ನೀರು ಕಾಯಿಸಿ ಫಿಲ್ಟರಿಗೆ ಹಾಕಿಕೊಳ್ಳಲಿ ಬಿಡಿ, ಹಾಲಿಗೆ ಮೈಕ್ರೋವೇವ್ ಇಟ್ಟರೆ ಆಯಿತು.

ಮಿಲ್ಟನ್‌ಕೀನ್ಸ್_ಮಲೆನಾಡು

ಮಲಗುವ ಕೋಣೆ ಅಂದರೆ ಬೆಂಕಿ ಬಿದ್ದಾಗ ಹೊರಗೆ ಬರುವಂಥ ಕಿಟಕಿಯ ಬಗ್ಗೆಯೂ ಇನ್ಸ್‌ಪೆಕ್ಟರ್ ಕೇಳುತ್ತಾರೆ. ತೆರೆಯುವ ಜಾಗ ಕನಿಷ್ಠ 0.33 ಚದರ ಮೀಟರ್, ಅಗಲ ಎತ್ತರ ಎರಡೂ 450 ಮಿಲಿಮೀಟರಿಗೆ ಕಡಿಮೆ ಇಲ್ಲದಂತೆ, ಆ ಜಾಗದ ಕೆಳ ಅಂಚನ್ನು ನೆಲದಿಂದ 1.1 ಮೀಟರಿಗಿಂತ ಮೇಲೆ ಇಡುವ ಹಾಗಿಲ್ಲ. ಮಂಡಿನೋವಿನವರಿಗೆ ಕಿಟಕಿ ದಾಟುವುದು ಕಷ್ಟ, ಆಗುವುದಾದರೆ ಹೊರಬಾಗಿಲೇ ಇಡಿಸಿ.

ತುಂಗಾತೀರ_ರೆಡಿಂಗ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಗುಂಡಿ ತೋಡಿಸಿ ಪಾಯ ನೋಡುತ್ತೇನೆ, ಸಿಸಿಟಿವಿ ರಿಪೋರ್ಟ್ ಜೊತೆ ಕಂಪನಿಗೆ ಚೇಂಬರ್ ಬಗ್ಗೆ ಬರೆಯುತ್ತೇನೆ. ಒಪ್ಪಿಗೆ ಕೈಗೆ ಬರುವವರೆಗೆ ಬಿಲ್ಡರಿಗೆ ಅಡ್ವಾನ್ಸ್ ಕೊಡುವುದಿಲ್ಲ. ಕೊನೇ ಪ್ರಶ್ನೆ: ಈ ಮಧ್ಯೆ ಪೈಪ್ ಕಟ್ಟಿಕೊಂಡರೆ ಯಾರನ್ನು ಕರೆಯುವುದು?

ಸ್ಲೌ_ಸಿದ್ದಾಪುರ

ಹಂಚಿಕೆಯ ಭಾಗದಲ್ಲಾದರೆ ವಾಟರ್ ಕಂಪನಿಗೇ ಫೋನ್ ಮಾಡಿ. ಬಂದು ಬಿಡಿಸುವುದು ಅವರ ಕೆಲಸ, ದುಡ್ಡು ಕೇಳುವ ಹಾಗಿಲ್ಲ. ಖಾಸಗಿ ಡ್ರೈನ್ ಕಂಪನಿಯವರನ್ನು ಕರೆದು ನೂರಾರು ಪೌಂಡ್ ಕೊಡಬೇಡಿ. ಪಕ್ಕದ ಅಜ್ಜಿಗೂ ಇದನ್ನು ಹೇಳಿಡಿ.